ಬಳಕೆಯ ಪಟ್ಟಿ ಯೋಗ್ಯತೆಯ ಪಟ್ಟಿಯಲ್ಲ

ಜೀವವಿಜ್ಞಾನದ ಪಠ್ಯಗಳಲ್ಲಿಯೂ, ವಿಶ್ವವಿದ್ಯಾನಿಲಯಗಳ ಉಪನ್ಯಾಸಗಳಲ್ಲಿಯೂ, ವಂಶವಾಹಿಗಳನ್ನು ಕೃತಕವಾಗಿ ಹೆಣೆಯುವವರ ಕೈಪಿಡಿಗಳಲ್ಲಿಯೂ ಇಂದು ಒಂದು ಮಾತು ಯಾವ ಪ್ರಶ್ನೆಗೂ ಒಳಗಾಗದೆ, ಸಾಕ್ಷಿ ಒದಗಿಸುವ ಹೊಣೆಯನ್ನೂ ಹೊರದೆ, ಸ್ವತಃಸಿದ್ಧ ಸತ್ಯವೆಂಬಂತೆ ಸಂಚರಿಸುತ್ತಿದೆ. ಒಂದೇ ಅಮೈನೋ ಆಮ್ಲವನ್ನು ಸೂಚಿಸುವ ಹಲವು ಕೋಡಾನ್‌ಗಳಿರುವಲ್ಲಿ ಪ್ರತಿಯೊಂದು ಜೀವಿಯೂ ಕೆಲವನ್ನು ಹೆಚ್ಚಾಗಿಯೂ ಕೆಲವನ್ನು ವಿರಳವಾಗಿಯೂ ಬಳಸುತ್ತದೆ. ಹೆಚ್ಚಾಗಿ ಬಳಕೆಯಾಗುವ ಕೋಡಾನ್ ಶೀಘ್ರವಾಗಿಯೂ ತಪ್ಪಿಲ್ಲದೆಯೂ ಓದಲ್ಪಡುವಂಥದು. ಆದಕಾರಣ ನಿಸರ್ಗದ ಆಯ್ಕೆಯೇ ಅದನ್ನು ಆರಿಸಿ ಉಳಿಸಿಕೊಂಡಿದೆ ಎಂಬುದೇ ಆ ಮಾತು. ಇದರ ಮೊದಲ ಭಾಗ ನಿಜ. ಉಳಿದೆರಡು ಭಾಗಗಳು ಕೆಲವು ಜೀವಿಗಳ ಕೆಲವು ವಂಶವಾಹಿಗಳ ಮಟ್ಟಿಗೆ ಮಾತ್ರ ನಿಜವಾಗಿದ್ದು, ಅವನ್ನು ಸಮಸ್ತ ಜೀವಕೋಟಿಗೂ ಅನ್ವಯಿಸುವ ನಿಯಮವಾಗಿ ಹಿಗ್ಗಿಸಿರುವುದು ವಿಜ್ಞಾನಕ್ಕೆ ಬಗೆದ ಅಪಚಾರವೆಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳಬಯಸುತ್ತೇನೆ. ಎಣಿಕೆಯ ಪಟ್ಟಿಯೊಂದನ್ನು ಕೈಗೆತ್ತಿಕೊಂಡು ಅದನ್ನೇ ಯೋಗ್ಯತೆಯ ಪಟ್ಟಿಯೆಂದು ಓದುವ ಈ ಅಭ್ಯಾಸ ವಿಕಾಸದ ಇತಿಹಾಸವನ್ನು ತಿರುಚಿದೆ. ಪ್ರಯೋಗಶಾಲೆಯಲ್ಲಿ ಶ್ರಮವನ್ನು ವ್ಯರ್ಥಗೊಳಿಸಿದೆ. ರೋಗಿಯ ಮಂಚದ ಬಳಿಯಲ್ಲಿ ಕಣ್ಣಿಗೆ ಪೊರೆ ಕಟ್ಟಿದೆ.

ವಿಷಯದ ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಬೇಕು. ಡಿಎನ್‌ಎ ಎಂಬ ಬರಹದಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳು. ಮೂರು ಅಕ್ಷರಗಳ ಒಂದು ಗುಂಪು ಒಂದು ಕೋಡಾನ್. ಹೀಗೆ ಉಂಟಾಗುವ ಗುಂಪುಗಳು 64. ಅವುಗಳಲ್ಲಿ 3 ಪ್ರೋಟೀನು ಇಲ್ಲಿಗೆ ಮುಗಿಯಿತೆಂದು ಸಾರುವವು; ಮಿಕ್ಕ 61 ಕೋಡಾನ್‌ಗಳು 20 ಅಮೈನೋ ಆಮ್ಲಗಳನ್ನು ಹಂಚಿಕೊಂಡಿವೆ. ಲ್ಯೂಸಿನ್, ಸೆರಿನ್, ಆರ್ಜಿನಿನ್‌ಗಳಿಗೆ ಆರಾರು ಕೋಡಾನ್‌ಗಳಿದ್ದರೆ ಮೆಥಿಯೊನಿನ್‌ಗೂ ಟ್ರಿಪ್ಟೊಫಾನ್‌ಗೂ ಒಂದೊಂದೇ. 1961ರಲ್ಲಿ ನೀರೆನ್‌ಬರ್ಗ್ ಮತ್ತು ಮಥಾಯ್ ಮೊದಲನೆಯ ಕೋಡಾನನ್ನು ಬಿಡಿಸಿದ ಮೇಲೆ, ಅವಿಭಜಿತ ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಹರಗೋವಿಂದ ಖೊರಾನಾ ಮೊದಲಾದವರ ದುಡಿಮೆಯಿಂದ 1966ರ ಹೊತ್ತಿಗೆ ಆ ಕೋಷ್ಟಕ ಪೂರ್ಣವಾಯಿತು. 1980ರಲ್ಲಿ ಫ್ರಾನ್ಸಿನ ರಿಚರ್ಡ್ ಗ್ರಾಂಥಮ್ ಮತ್ತು ಅವರ ಸಂಗಡಿಗರು, ಅಂದಿಗೆ ಲಭ್ಯವಿದ್ದ ಸ್ವಲ್ಪವೇ ವಂಶವಾಹಿಗಳನ್ನು ಎಣಿಸಿ, ಒಂದು ಜೀನೋಮಿನ, ಎಂದರೆ ಒಂದು ಜೀವಿಯ ಸಮಗ್ರ ಡಿಎನ್‌ಎ ಬರಹದ, ವಂಶವಾಹಿಗಳೆಲ್ಲ ಬಹುಮಟ್ಟಿಗೆ ಒಂದೇ ರೂಢಿಯನ್ನು ಅನುಸರಿಸುತ್ತವೆಂದೂ, ಜೀನೋಮಿನಿಂದ ಜೀನೋಮಿಗೆ ಆ ರೂಢಿ ಭಿನ್ನವೆಂದೂ ತೋರಿಸಿದರು. ಮರುವರ್ಷವೇ ಜಪಾನಿನ ತೊಶಿಮಿಚಿ ಇಕೆಮುರ, ಈ. ಕೋಲೈ ಬ್ಯಾಕ್ಟೀರಿಯದಲ್ಲಿ ಯಾವ ಕೋಡಾನನ್ನು ಓದಿ ಅಮೈನೋ ಆಮ್ಲವನ್ನು ತಂದುಕೊಡುವ ಸಾಗಣೆ ಆರ್‌ಎನ್‌ಎ ಹೇರಳವಾಗಿದೆಯೋ ಆ ಕೋಡಾನೇ ಹೆಚ್ಚಾಗಿ ಬಳಕೆಯಲ್ಲಿದೆ ಎಂಬುದನ್ನು ಪ್ರತಿಪಾದಿಸಿದರು. 1987ರಲ್ಲಿ ಪಾಲ್ ಶಾರ್ಪ್ ಮತ್ತು ವೆನ್-ಶುಂಗ್ ಲೀ ಈ ಸಂಬಂಧವನ್ನು ಅಳೆಯುವ ಸೂಚ್ಯಂಕವೊಂದನ್ನು ರಚಿಸಿದರು.

ಇಲ್ಲಿಯವರೆಗೆ ಆಕ್ಷೇಪಣೆಗೆ ಎಡೆಯಿಲ್ಲ. ಅಪರಿಮಿತ ಸಂಖ್ಯೆಯಲ್ಲಿದ್ದು, ಕ್ಷಿಪ್ರವಾಗಿ ಇಬ್ಭಾಗವಾಗುತ್ತ ಬೆಳೆಯುವ ಬ್ಯಾಕ್ಟೀರಿಯದಲ್ಲಿ, ಕೋಡಾನ್‌ಗಳನ್ನು ಓದಿ ಪ್ರೋಟೀನು ಹೆಣೆಯುವ ಯಂತ್ರವಾದ ರೈಬೋಸೋಮಿನ ಪ್ರೋಟೀನುಗಳಂತೆ ರಾಶಿರಾಶಿಯಾಗಿ ತಯಾರಾಗಬೇಕಾದವುಗಳ ವಂಶವಾಹಿಗಳನ್ನು ನಿಸರ್ಗದ ಆಯ್ಕೆ ತಿದ್ದಿದೆಯೆಂಬುದು ದೃಢವಾಗಿ ಸ್ಥಾಪಿತವಾದ ಸಂಗತಿ. ಅನರ್ಥ ಮೊದಲಾದದ್ದು ಅದರ ಅನಂತರ. ಶಾರ್ಪ್ ಮತ್ತು ಲೀ ಅವರ ಸೂಚ್ಯಂಕವು ಒಂದು ಜೀವಿಯಲ್ಲಿ ಅತಿ ಹೇರಳವಾಗಿ ಪ್ರೋಟೀನನ್ನು ತಯಾರಿಸುವ ಕೆಲವೇ ವಂಶವಾಹಿಗಳನ್ನು ಆರಿಸಿಕೊಂಡು, ಅವುಗಳ ರೂಢಿಯನ್ನು ಮಾನದಂಡವಾಗಿ ಇರಿಸಿಕೊಂಡಿತ್ತು. ಆ ಎಚ್ಚರವನ್ನು ಕೈಬಿಟ್ಟು, ಇಡೀ ಜೀನೋಮಿನಲ್ಲಿ ಯಾವ ಕೋಡಾನ್ ಸಾವಿರಕ್ಕೆ ಎಷ್ಟು ಸಲ ಬಂದಿದೆಯೆಂದು ಎಣಿಸಿದ ಪಟ್ಟಿಯನ್ನು ಮಾನದಂಡದ ಪೀಠಕ್ಕೆ ಏರಿಸಿದವರು ಯಾರು? ಯಾವ ಪ್ರಮಾಣದ ಬಲದಿಂದ ಏರಿಸಿದರು? ಹೇರಳವಾಗಿ ದುಡಿಯುವ ವಂಶವಾಹಿಗಳಲ್ಲಿ ಹೆಚ್ಚಾಗಿರುವುದು ಎಂಬ ಮಾತಿಗೂ, ಜೀನೋಮಿನಲ್ಲಿ ಸುಮ್ಮನೆ ಹೆಚ್ಚಾಗಿರುವುದು ಎಂಬ ಮಾತಿಗೂ ನಡುವೆ ಇರುವ ಅಂತರವನ್ನು ಒಂದು ಪುಟದಲ್ಲಾದರೂ ವಿವರಿಸುವ ಪಠ್ಯಗಳು ಎಷ್ಟಿವೆ? ಹೊಳೆ ಹರಿದ ದಿಕ್ಕಿಗೆ ಬಾಗಿ ಮಲಗಿದ ದಂಡೆಯ ಹುಲ್ಲನ್ನು ಕಂಡು, ಹುಲ್ಲಿಗೆ ಆ ದಿಕ್ಕೇ ಹಿತವೆಂದು ತೀರ್ಮಾನಿಸುವವನು ಹೊಳೆಯನ್ನೇ ಮರೆತಿರುತ್ತಾನೆ. ಕೋಡಾನ್‌ಗಳ ಬಳಕೆಯನ್ನು ಬಾಗಿಸಿರುವ ಹೊಳೆ ಯಾವುದೆಂಬುದನ್ನು ನೋಡೋಣ.

ಸ್ಟ್ರೆಪ್ಟೊಮೈಸಿಸ್ ಕೋಯೆಲಿಕಲರ್ ಎಂಬ ಮಣ್ಣಿನ ಬ್ಯಾಕ್ಟೀರಿಯದ ಜೀನೋಮಿನಲ್ಲಿ ನೂರಕ್ಕೆ 72 ಅಕ್ಷರಗಳು ಜಿ ಅಥವಾ ಸಿ. ಮಲೇರಿಯಾ ತರುವ ಪ್ಲಾಸ್ಮೋಡಿಯಮ್ ಫಾಲ್ಸಿಪಾರಮ್‌ನಲ್ಲಿ ನೂರಕ್ಕೆ 80ರಷ್ಟು ಎ ಅಥವಾ ಟಿ. ಮೊದಲನೆಯದರ ಕೋಡಾನ್‌ಗಳ ಮೂರನೆಯ ಸ್ಥಾನದಲ್ಲಿ ಬಹುತೇಕ ಜಿ, ಸಿಗಳೇ ತುಂಬಿರುವುದಕ್ಕೂ, ಎರಡನೆಯದರಲ್ಲಿ ಆ ಸ್ಥಾನವನ್ನು ಎ, ಟಿಗಳೇ ಆಕ್ರಮಿಸಿರುವುದಕ್ಕೂ, ಪ್ರೋಟೀನು ಬೇಗ ತಯಾರಾಗಲೆಂಬ ಉದ್ದೇಶವನ್ನು ಕಲ್ಪಿಸಬೇಕೆ? ಅಕ್ಷರಗಳ ಪ್ರಮಾಣವೇ ಈ ಪರಿಯಾಗಿ ವಾಲಿರುವಾಗ, ಅಮೈನೋ ಆಮ್ಲ ಬದಲಾಗದಂತೆ ಅಕ್ಷರ ಬದಲಾಗಲು ಎಲ್ಲಕ್ಕಿಂತ ಹೆಚ್ಚು ಅವಕಾಶವಿರುವ ಮೂರನೆಯ ಸ್ಥಾನ ಆ ವಾಲಿಕೆಯನ್ನು ಪ್ರತಿಬಿಂಬಿಸದೆ ಇನ್ನೇನು ಮಾಡೀತು? ನೊಬೊರು ಸುಯೆಒಕ 1962ರಷ್ಟು ಹಿಂದೆಯೇ, ಕೋಡಾನ್‌ಗಳ ಕೋಷ್ಟಕ ಪೂರ್ಣವಾಗುವುದಕ್ಕೂ ಮೊದಲು, ಉತ್ಪರಿವರ್ತನೆಗಳ ಏಕಮುಖವಾದ ಒತ್ತಡದಿಂದ ಜೀನೋಮಿನ ಅಕ್ಷರಪ್ರಮಾಣ ನಿರ್ಧಾರವಾಗಬಹುದೆಂದು ಸೂಚಿಸಿದ್ದರು. 2004ರಲ್ಲಿ ನೂರು ಬ್ಯಾಕ್ಟೀರಿಯ ಮತ್ತು ಆರ್ಕಿಯಾ ಜೀನೋಮುಗಳನ್ನು ಪರಿಶೀಲಿಸಿದ ಸಂಶೋಧಕರು ಇದಕ್ಕೆ ಅತ್ಯಂತ ಪ್ರಬಲವಾದ ಸಾಕ್ಷ್ಯವನ್ನು ಒದಗಿಸಿದರು: ವಂಶವಾಹಿಗಳನ್ನು ನೋಡದೆ, ಅವುಗಳ ನಡುವೆ ಇರುವ, ಯಾವ ಪ್ರೋಟೀನನ್ನೂ ಸೂಚಿಸದ ಬರಿಯ ತೆರಪಿನ ಭಾಗಗಳ ಅಕ್ಷರಗಳನ್ನಷ್ಟೇ ನೋಡಿ, ಒಂದು ಜೀವಿಯ ಕೋಡಾನ್ ರೂಢಿ ಇನ್ನೊಂದರದಕ್ಕಿಂತ ಹೇಗೆ ಭಿನ್ನವಾಗಿರುವುದೆಂದು ಬಹುಮಟ್ಟಿಗೆ ಮುಂಗಾಣಬಹುದು. ಆ ತೆರಪುಗಳನ್ನು ಯಾವ ರೈಬೋಸೋಮೂ ಓದುವುದಿಲ್ಲ. ಓದೇ ಇಲ್ಲದ ಕಡೆಯಲ್ಲಿಯೂ ಅದೇ ವಾಲಿಕೆ ಕಾಣುತ್ತಿರುವಾಗ, ಓದಿನ ವೇಗವೇ ಆ ವಾಲಿಕೆಗೆ ಕಾರಣವೆಂದು ಸಾರುವುದು ಯಾವ ತರ್ಕಕ್ಕೆ ಸಮ್ಮತ?

ಇನ್ನೂ ಸಮೀಪದಿಂದ ನೋಡಬಯಸುವವರು ಲೈಮ್ ರೋಗವನ್ನು ತರುವ ಬೊರೇಲಿಯಾ ಬರ್ಗ್‌ಡಾರ್ಫೆರೈ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯವನ್ನು ಪರಿಶೀಲಿಸಬಹುದು. ಡಿಎನ್‌ಎಯ ಎರಡು ಎಳೆಗಳು ನಕಲಾಗುವಾಗ ಒಂದು ಎಳೆ ಅವಿಚ್ಛಿನ್ನವಾಗಿಯೂ ಇನ್ನೊಂದು ತುಂಡುತುಂಡಾಗಿಯೂ ತಯಾರಾಗುತ್ತವೆ. ಎರಡಕ್ಕೂ ತಗಲುವ ಹಾನಿ ಒಂದೇ ತೆರನಾದದ್ದಲ್ಲ. ಆದುದರಿಂದ ಕಾಲಕ್ರಮದಲ್ಲಿ ಒಂದು ಎಳೆಯಲ್ಲಿ ಜಿ, ಟಿಗಳೂ ಮತ್ತೊಂದರಲ್ಲಿ ಸಿ, ಎಗಳೂ ಹೆಚ್ಚುತ್ತವೆ. ಈ ಬ್ಯಾಕ್ಟೀರಿಯದ ಯಾವುದಾದರೂ ವಂಶವಾಹಿಯನ್ನು ತೆಗೆದುಕೊಳ್ಳಿ: ಅದು ಮೊದಲನೆಯ ಎಳೆಯಲ್ಲಿ ಬರೆದಿದ್ದರೆ ಅದರ ಕೋಡಾನ್‌ಗಳು ಸಾಮಾನ್ಯವಾಗಿ ಜಿ ಅಥವಾ ಟಿಯಿಂದ ಮುಗಿಯುತ್ತವೆ, ಎರಡನೆಯ ಎಳೆಯಲ್ಲಿದ್ದರೆ ಸಿ ಅಥವಾ ಎಯಿಂದ. ಜೀವಕೋಶ ಒಂದೇ, ಅದರಲ್ಲಿರುವ ರೈಬೋಸೋಮುಗಳು, ಸಾಗಣೆ ಆರ್‌ಎನ್‌ಎಗಳು ಅವೇ. ಒಂದೇ ಅಡುಗೆಮನೆಯ ಎರಡು ವಂಶವಾಹಿಗಳಿಗೆ ಎರಡು ಬೇರೆ ಬೇರೆ ‘ಉತ್ತಮ ಕೋಡಾನ್‌’ಗಳೆಂದು ಹೇಳುವುದು ಸಾಧ್ಯವೆ? ಸಾಧ್ಯವಿಲ್ಲದಿದ್ದರೆ, ಬಳಕೆಯಿಂದ ಉತ್ತಮತ್ವವನ್ನು ಓದುವ ವಿಧಾನವೇ ಇಲ್ಲಿ ಮುರಿದುಬಿತ್ತೆಂದು ಒಪ್ಪಬೇಡವೆ? ಸಾಗಣೆ ಆರ್‌ಎನ್‌ಎಗಳ ಪ್ರಮಾಣಕ್ಕೂ ಬಳಕೆಗೂ ಹೊಂದಿಕೆಯಿದೆಯಲ್ಲ ಎಂದು ಕೇಳುವವರಿಗೆ ಒಂದು ಮಾತು: ಹೊಂದಿಕೆ ಯಾವುದು ಯಾವುದನ್ನು ಅನುಸರಿಸಿತೆಂಬುದನ್ನು ಹೇಳುವುದಿಲ್ಲ. ಉತ್ಪರಿವರ್ತನೆಯ ಒತ್ತಡದಿಂದ ಕೋಡಾನ್‌ಗಳು ಒಂದು ಕಡೆಗೆ ವಾಲಿದ ಮೇಲೆ, ಅವನ್ನು ಓದುವ ಆರ್‌ಎನ್‌ಎಗಳ ಸಂಖ್ಯೆ ಅದಕ್ಕೆ ಅನುಗುಣವಾಗಿ ಹೆಚ್ಚಿರುವುದೂ ಅಷ್ಟೇ ಸಹಜ.

ಮನುಷ್ಯನ ವಿಷಯದಲ್ಲಂತೂ ಈ ಸಿದ್ಧಾಂತ ನಿಲ್ಲಲು ನೆಲವೇ ಇಲ್ಲ. ಒಂದು ಕೋಡಾನಿಗೆ ಬದಲಾಗಿ ಇನ್ನೊಂದು ಸಮಾನಾರ್ಥಕ ಕೋಡಾನ್ ಬಂದುದರಿಂದ ಓದಿನ ವೇಗದಲ್ಲಿ ಆಗುವ ಲಾಭನಷ್ಟ ಅತ್ಯಲ್ಪ. ಅಷ್ಟು ಅಲ್ಪವಾದ ಲಾಭವನ್ನು ಗುರುತಿಸಿ ಉಳಿಸಬೇಕಾದರೆ ಆಯ್ಕೆಗೆ ಅಪಾರವಾದ ಸಂತತಿ ಬೇಕು. ಸಂತತಿ ಕಿರಿದಾದಲ್ಲಿ ಆಕಸ್ಮಿಕವೇ ಆಯ್ಕೆಯನ್ನು ಮುಳುಗಿಸಿಬಿಡುತ್ತದೆ. ಮೊಟೂ ಕಿಮುರ 1968ರಲ್ಲಿ ಮಂಡಿಸಿದ ತಾಟಸ್ಥ್ಯವಾದವೂ, 1973ರಲ್ಲಿ ತೊಮೊಕೊ ಓಹ್ತಾ ಅದನ್ನು ಪರಿಷ್ಕರಿಸಿ ಹೇಳಿದ ಮಾತೂ, 1991ರಲ್ಲಿ ಮೈಕೇಲ್ ಬಲ್ಮರ್ ಕೋಡಾನ್‌ಗಳಿಗೇ ಅನ್ವಯಿಸಿ ಕಟ್ಟಿದ ಗಣಿತವೂ ಇದನ್ನೇ ಸಾರುತ್ತವೆ. ಇಂದು ಭೂಮಿಯ ಮೇಲೆ ನಾವು ನೂರಾರು ಕೋಟಿಯಿದ್ದರೂ, ನಮ್ಮ ವಂಶದ ದೀರ್ಘ ಇತಿಹಾಸದಲ್ಲಿ ಆಯ್ಕೆಯ ಲೆಕ್ಕಕ್ಕೆ ಬರುವ ಪರಿಣಾಮಕಾರಿ ಸಂಖ್ಯೆ ಸುಮಾರು 10,000 ಮಾತ್ರ. ಈ. ಕೋಲೈಯಲ್ಲಿ ನಡೆದ ಆಯ್ಕೆ ಅಷ್ಟೇ ಸೂಕ್ಷ್ಮವಾಗಿ ಇಲ್ಲಿಯೂ ನಡೆಯಿತೆಂದು ನಂಬುವುದು ಹೇಗೆ? ನಮ್ಮ ಜೀನೋಮಿನಲ್ಲಿ ಜಿ, ಸಿಗಳು ದಟ್ಟವಾಗಿರುವ ವಿಸ್ತಾರವಾದ ಪ್ರದೇಶಗಳೂ ಅವು ವಿರಳವಾಗಿರುವ ಪ್ರದೇಶಗಳೂ ಇವೆಯೆಂಬುದನ್ನು ಜಾರ್ಜಿಯೊ ಬೆರ್ನಾರ್ದಿ ಮತ್ತು ಅವರ ಸಹೋದ್ಯೋಗಿಗಳು ದಶಕಗಳ ಹಿಂದೆಯೇ ಕಂಡುಹಿಡಿದರು. ವಂಶವಾಹಿ ಯಾವ ಪ್ರದೇಶದಲ್ಲಿ ನೆಲೆಸಿದೆಯೋ ಆ ಪ್ರದೇಶದ ಅಕ್ಷರಗಳೇ ಅದರ ಕೋಡಾನ್‌ಗಳ ಕೊನೆಯಲ್ಲಿಯೂ ಕಾಣುತ್ತವೆ. ಅಷ್ಟೇ ಅಲ್ಲ, ಪ್ರೋಟೀನು ತಯಾರಾಗುವ ಮೊದಲೇ ಕತ್ತರಿಸಿ ಎಸೆಯಲ್ಪಡುವ ಇಂಟ್ರಾನ್‌ಗಳಲ್ಲಿಯೂ ಅದೇ ವಾಲಿಕೆ ಇರುತ್ತದೆ. ತಂದೆತಾಯಿಗಳಿಂದ ಬಂದ ಡಿಎನ್‌ಎಗಳು ಪರಸ್ಪರ ತುಣುಕುಗಳನ್ನು ವಿನಿಮಯ ಮಾಡಿಕೊಳ್ಳುವಾಗ ಉಂಟಾಗುವ ಹೊಂದಿಕೆಯಿಲ್ಲದ ಜೋಡಿಗಳನ್ನು ಸರಿಪಡಿಸುವ ಕ್ರಿಯೆ ಎ, ಟಿಗಳಿಗಿಂತ ಜಿ, ಸಿಗಳ ಕಡೆಗೆ ಕೊಂಚ ಒಲಿಯುತ್ತದೆ; ಈ ಒಲವು ಜೀವಿಗೆ ಉಪಕಾರವಾಗಲಿ ಆಗದಿರಲಿ ತಲೆಮಾರಿನಿಂದ ತಲೆಮಾರಿಗೆ ಸಂಚಯವಾಗುತ್ತದೆ. ನಿಕೊಲಾ ಗಾಲ್ಟಿಯೆ, ಲೊರಾಂ ದ್ಯುರೆ ಮೊದಲಾದವರು ಇದನ್ನು ವಿಸ್ತಾರವಾಗಿ ನಿರೂಪಿಸಿರುವಾಗಲೂ, ‘ಮನುಷ್ಯನಿಗೆ ಪ್ರಿಯವಾದ ಕೋಡಾನ್‌’ಗಳ ಪಟ್ಟಿಗಳು ಎಲ್ಲೆಡೆಯೂ ಮುದ್ರಣವಾಗುತ್ತಲೇ ಇವೆ.

ಇನ್ನು ಪ್ರಯೋಗ. ತತ್ತ್ವದಲ್ಲಿ ಸೋತರೂ ಉಪಯೋಗದಲ್ಲಿ ಗೆದ್ದರೆ ಸಾಲದೆ ಎನ್ನುವವರುಂಟು. ಅವರಿಗೆ 2009ರಲ್ಲಿ ಗ್ರ್ಜೆಗೋರ್ಜ್ ಕುಡ್ಲಾ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಪ್ರಯೋಗವನ್ನು ನೆನಪಿಸಬೇಕು. ಹಸಿರು ಬೆಳಕು ಬೀರುವ ಒಂದೇ ಪ್ರೋಟೀನಿಗೆ, ಅಮೈನೋ ಆಮ್ಲಗಳಲ್ಲಿ ಕಿಂಚಿತ್ತೂ ವ್ಯತ್ಯಾಸವಿಲ್ಲದೆ ಕೋಡಾನ್‌ಗಳಲ್ಲಿ ಮಾತ್ರ ಭಿನ್ನವಾದ 154 ವಂಶವಾಹಿಗಳನ್ನು ಅವರು ಹೆಣೆದು ಈ. ಕೋಲೈಗೆ ಸೇರಿಸಿದರು. ತಯಾರಾದ ಪ್ರೋಟೀನಿನ ಪ್ರಮಾಣ ಒಂದರಿಂದ ಇನ್ನೊಂದಕ್ಕೆ 250 ಪಟ್ಟಿನವರೆಗೆ ವ್ಯತ್ಯಾಸವಾಯಿತು. ಪ್ರಚಲಿತ ಸಿದ್ಧಾಂತ ಸತ್ಯವಾಗಿದ್ದರೆ, ಬಹುಬಳಕೆಯ ಕೋಡಾನ್‌ಗಳಿಂದ ತುಂಬಿದ ವಂಶವಾಹಿಗಳು ಮೇಲಿನ ಸಾಲಿನಲ್ಲಿ ನಿಲ್ಲಬೇಕಾಗಿತ್ತು. ನಿಲ್ಲಲಿಲ್ಲ, ಸೂಚ್ಯಂಕಕ್ಕೂ ಪ್ರೋಟೀನಿನ ಪ್ರಮಾಣಕ್ಕೂ ಸಂಬಂಧವೇ ಕಾಣಲಿಲ್ಲ. ವ್ಯತ್ಯಾಸದ ಅರ್ಧಕ್ಕೂ ಹೆಚ್ಚು ಭಾಗವನ್ನು ವಿವರಿಸಿದ್ದು ಬೇರೆಯೇ ಒಂದು ಸಂಗತಿ: ವಂಶವಾಹಿಯ ನಕಲಾಗಿ ರೈಬೋಸೋಮಿಗೆ ಒದಗುವ ಸಂದೇಶವಾಹಕ ಆರ್‌ಎನ್‌ಎಯ ಆರಂಭದ ಭಾಗ ಎಷ್ಟು ಗಟ್ಟಿಯಾಗಿ ತನ್ನ ಮೇಲೆಯೇ ಮಡಿಚಿಕೊಂಡಿತ್ತೆಂಬುದು. ಮೊಗಸಾಲೆಯ ಬಾಗಿಲು ಬಿಗಿದಿದ್ದರೆ ರೈಬೋಸೋಮು ಒಳಹೊಗುವುದೇ ಕಷ್ಟ. ಒಳಗಿನ ಕೋಡಾನ್‌ಗಳು ಎಷ್ಟು ‘ಉತ್ತಮ’ವಾಗಿದ್ದರೇನು?

ನ್ಯೂರೋಸ್ಪೋರಾ ಎಂಬ ಬೂಷ್ಟಿನ ಸಂಗತಿ ಇದಕ್ಕಿಂತಲೂ ಗಂಭೀರ. ಹಗಲಿರುಳಿನ ಲಯವನ್ನು ಕಾಯುವ ಅದರ ಎಫ್‌ಆರ್‌ಕ್ಯೂ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ವಿರಳ ಕೋಡಾನ್‌ಗಳೇ ಹೆಚ್ಚು. 2013ರಲ್ಲಿ ಸಂಶೋಧಕರು ಅವುಗಳ ಸ್ಥಾನದಲ್ಲಿ ಬಹುಬಳಕೆಯ ಕೋಡಾನ್‌ಗಳನ್ನು ಇಟ್ಟು ನೋಡಿದರು. ಪ್ರೋಟೀನು ಹೆಚ್ಚಾಗಿಯೇ ತಯಾರಾಯಿತು. ಆದರೆ ಅದು ಮಡಿಚಿಕೊಂಡ ರೀತಿ ಬದಲಾಗಿ, ಬೂಷ್ಟಿನ ಗಡಿಯಾರವೇ ನಿಂತಿತು. ಓದು ನಿಧಾನವಾದ ಕಡೆಯಲ್ಲಿ ಪ್ರೋಟೀನಿನ ತಲೆಭಾಗಕ್ಕೆ ಸರಿಯಾಗಿ ಮಡಿಚಿಕೊಳ್ಳಲು ಸಮಯ ದೊರೆಯುತ್ತಿತ್ತು. ಆ ಸಮಯವನ್ನು ‘ಸುಧಾರಣೆ’ ಕಸಿದುಕೊಂಡಿತು. ಹೀಗಿದ್ದರೂ ವಂಶವಾಹಿಯನ್ನು ಬೇರೊಂದು ಜೀವಿಯಲ್ಲಿ ದುಡಿಸಬೇಕಾದಾಗಲೆಲ್ಲ ಬಳಕೆಯ ಪಟ್ಟಿಯನ್ನು ಮುಂದಿಟ್ಟುಕೊಂಡು ವಿರಳವಾದುದನ್ನೆಲ್ಲ ಕಿತ್ತು ಬಹುಬಳಕೆಯದನ್ನು ನೆಡುವ ಕ್ರಮವನ್ನು ಇನ್ನೂ ಎಷ್ಟು ಕಾಲ ಸುಧಾರಣೆಯೆಂದು ಕರೆಯಬೇಕು? ಹಾಗೆ ತಿದ್ದಿದ ವಂಶವಾಹಿ ಪ್ರೋಟೀನನ್ನು ಕೊಡದಿದ್ದಾಗ, ತಿಂಗಳುಗಟ್ಟಲೆ ದುಡಿದ ಸಂಶೋಧನ ವಿದ್ಯಾರ್ಥಿ ತನ್ನ ಕೈಚಳಕವನ್ನೇ ದೂಷಿಸಿಕೊಳ್ಳುತ್ತಾನೆ. ಪಟ್ಟಿಯನ್ನು ಸಂದೇಹಿಸಬೇಕೆಂದು ಅವನಿಗೆ ಯಾರೂ ಕಲಿಸಿರುವುದಿಲ್ಲ.

ಆದರೆ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಲಕುವುದು ರೋಗಿಗಳ ವಿಷಯ. ಬೆನ್ನುಹುರಿಯ ನರಕೋಶಗಳು ಕ್ಷಯಿಸಿ ಸ್ನಾಯುಗಳು ಸೊರಗುವ ಎಸ್‌ಎಂಎ ಎಂಬ ರೋಗದ ಹೆಸರು, 16 ಕೋಟಿ ರೂಪಾಯಿ ಬೆಲೆಯ ಒಂದು ಚುಚ್ಚುಮದ್ದಿಗಾಗಿ ತಂದೆತಾಯಿಗಳು ನೆರವು ಯಾಚಿಸಿದ ಸುದ್ದಿಗಳಿಂದ, ಇಂದು ಕನ್ನಡ ಪತ್ರಿಕೆಗಳ ಓದುಗರಿಗೂ ಪರಿಚಿತ. ನರಕೋಶವನ್ನು ಕಾಪಾಡುವ ಎಸ್‌ಎಂಎನ್ ಪ್ರೋಟೀನಿಗೆ ನಮ್ಮ ಐದನೆಯ ವರ್ಣತಂತುವಿನಲ್ಲಿ ಎರಡು ವಂಶವಾಹಿಗಳಿವೆ. ಎರಡೂ ಬಹುತೇಕ ಅಕ್ಷರಶಃ ಒಂದೇ. ಮೊದಲನೆಯದು ನಷ್ಟವಾದ ಮಗುವಿಗೆ ಎರಡನೆಯದೇ ಗತಿ. ಆದರೆ ಎರಡನೆಯದು ಬಹುಪಾಲು ಸಲ ಪೂರ್ಣವಾದ ಪ್ರೋಟೀನನ್ನು ಕೊಡದು. ಕಾರಣ, ಅದರ ಏಳನೆಯ ಎಕ್ಸಾನಿನ, ಎಂದರೆ ಇಂಟ್ರಾನ್‌ಗಳನ್ನು ಕತ್ತರಿಸಿದ ಮೇಲೆ ಉಳಿಯುವ ಭಾಗಗಳಲ್ಲಿ ಏಳನೆಯದರ, ಆರನೆಯ ಅಕ್ಷರ ಸಿ ಆಗಿರುವ ಬದಲು ಟಿ ಆಗಿರುವುದು. ಟಿಟಿಸಿ ಎಂಬ ಕೋಡಾನ್ ಟಿಟಿಟಿ ಆಗಿದೆ. ಎರಡೂ ಸೂಚಿಸುವುದು ಫಿನೈಲಅಲನಿನ್ ಎಂಬ ಒಂದೇ ಅಮೈನೋ ಆಮ್ಲವನ್ನು. ಮನುಷ್ಯನ ಬಳಕೆಯ ಪಟ್ಟಿಯಲ್ಲಿ ಇವೆರಡೂ ಹೆಚ್ಚುಕಡಮೆ ಸಮಸಮವಾಗಿ ನಿಂತಿವೆ. ಪಟ್ಟಿಯನ್ನು ನಂಬುವವನು ಈ ಬದಲಾವಣೆಯಿಂದ ಏನೂ ಆಗದೆಂದು ಹೇಳಬೇಕು. ಆಗುವುದೇನು? ಆರ್‌ಎನ್‌ಎಯನ್ನು ಕತ್ತರಿಸಿ ಜೋಡಿಸುವ ಯಂತ್ರಕ್ಕೆ ಆ ಎಕ್ಸಾನಿನ ಗುರುತು ತಪ್ಪುತ್ತದೆ; ಎಕ್ಸಾನೇ ಬಿಟ್ಟುಹೋಗುತ್ತದೆ; ಮೊಟಕಾದ ಪ್ರೋಟೀನು ಬೇಗನೆ ನಶಿಸುತ್ತದೆ; ಮಗು ಕತ್ತನ್ನು ನಿಲ್ಲಿಸಲಾರದೆ ಹೋಗುತ್ತದೆ. 2016ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆದ ನ್ಯೂಸಿನರ್ಸೆನ್ ಎಂಬ ಔಷಧಿ ಮಾಡುವ ಕೆಲಸ ಆ ಎಕ್ಸಾನನ್ನು ಮರಳಿ ಸೇರಿಸುವುದೇ. ಎಳೆಯ ವಯಸ್ಸಿನಲ್ಲಿಯೇ ಮುಪ್ಪು ಕವಿಯುವ ಪ್ರೊಜೇರಿಯಾ ರೋಗದಲ್ಲಿಯೂ ಇದೇ ಕಥೆ: ಲ್ಯಾಮಿನ್ ಎ ವಂಶವಾಹಿಯಲ್ಲಿ ಗ್ಲೈಸಿನ್‌ನ ಜಿಜಿಸಿ ಕೋಡಾನ್ ಜಿಜಿಟಿ ಆಗುತ್ತದೆ, ಗ್ಲೈಸಿನ್ ಗ್ಲೈಸಿನ್ ಆಗಿಯೇ ಉಳಿಯುತ್ತದೆ, ಆದರೆ ತಪ್ಪು ಜಾಗದಲ್ಲಿ ಕತ್ತರಿ ಬಿದ್ದು ಪ್ರೋಟೀನು 50 ಅಮೈನೋ ಆಮ್ಲಗಳನ್ನು ಕಳೆದುಕೊಳ್ಳುತ್ತದೆ.

ಹೀಗೆ, ಹಿರಿಮೆಯೇ ಇಲ್ಲದ ಕಡೆ ಹಿರಿಮೆಯನ್ನು ಕಾಣಿಸುವ ಪಟ್ಟಿ, ಪ್ರಾಣವೇ ಅವಲಂಬಿಸಿರುವ ಕಡೆ ಏನನ್ನೂ ಕಾಣಿಸದು. ಒಂದು ಅಕ್ಷರ ಎಲ್ಲಿದೆ, ಯಾವ ಅಕ್ಷರಗಳ ನೆರೆಯಲ್ಲಿದೆ, ಆರ್‌ಎನ್‌ಎಯ ಯಾವ ಮಡಿಕೆಯಲ್ಲಿ ಸಿಕ್ಕಿದೆ, ಯಾವ ಕತ್ತರಿಯ ಗುರುತಾಗಿದೆ ಎಂಬುದರ ಮೇಲೆ ಅದರ ಬೆಲೆ ನಿಂತಿರುತ್ತದೆಯೇ ಹೊರತು, ಜೀನೋಮಿನಲ್ಲಿ ಅದರ ಬಂಧುಗಳು ಎಷ್ಟು ಮಂದಿಯೆಂಬುದರ ಮೇಲಲ್ಲ. ಸ್ಥಾನವನ್ನು ಅಳಿಸಿ ಸರಾಸರಿಯನ್ನು ಮಾತ್ರ ಉಳಿಸಿಕೊಳ್ಳುವ ಅಳತೆಗೋಲಿನಿಂದ ಇದನ್ನು ತಿಳಿಯುವುದು ಹೇಗೆ?

ಇಷ್ಟು ಸಾಕ್ಷ್ಯ ಎದುರಿಗಿದ್ದರೂ ಈ ನಂಬಿಕೆ ಏಕೆ ಕದಲುತ್ತಿಲ್ಲ? ಎಲ್ಲದಕ್ಕೂ ಒಂದು ಉಪಯೋಗವಿರಲೇಬೇಕೆಂಬ ಹಟವೇ ಇದಕ್ಕೆ ಕಾರಣವೆಂದು ನನಗೆ ತೋರುತ್ತದೆ. ಸ್ಟೀಫನ್ ಜೇ ಗೂಲ್ಡ್ ಮತ್ತು ರಿಚರ್ಡ್ ಲೆವೊಂಟಿನ್ 1979ರಲ್ಲಿ ಈ ಹಟವನ್ನೇ ನಿಷ್ಠುರವಾಗಿ ಖಂಡಿಸಿದ್ದರು. ಆಯ್ಕೆಯ ಕಥೆಗೆ ಆದಿಯುಂಟು, ಉದ್ದೇಶವುಂಟು, ಫಲವುಂಟು. ನಕಲು ಮಾಡುವ ಕಿಣ್ವದ ತಪ್ಪುಗಳು ಒಂದೇ ಕಡೆಗೆ ವಾಲಿ ಕೋಟಿ ವರ್ಷಗಳಲ್ಲಿ ರಾಶಿಬಿದ್ದವೆಂಬ ವೃತ್ತಾಂತಕ್ಕೆ ಅಂಥ ಆಕರ್ಷಣೆಯಿಲ್ಲ. ಆದರೆ ಆಕರ್ಷಣೆ ಪ್ರಮಾಣವಾಗಬಲ್ಲುದೆ? ಜೀನೋಮು ಆಯ್ಕೆಯೊಂದರಿಂದಲೇ ಆದದ್ದಲ್ಲ. ಉತ್ಪರಿವರ್ತನೆ, ದುರಸ್ತಿಯ ಒಲವು, ಆಕಸ್ಮಿಕ, ಸಂತತಿಯ ಗಾತ್ರ ಇವೆಲ್ಲದರ ದಾಖಲೆ ಅದು. ಇವನ್ನು ಅಳಿಸಿ ಆಯ್ಕೆಯೊಂದನ್ನೇ ಓದುವುದು ಡಾರ್ವಿನನಿಗೂ ಗೌರವ ತರುವುದಿಲ್ಲ.

ಆದಕಾರಣ ಕ್ರಮ ಬದಲಾಗಬೇಕು. ಪಿಯು ತರಗತಿಯ ಜೀವಶಾಸ್ತ್ರ ಪುಸ್ತಕ, ಒಂದು ಅಮೈನೋ ಆಮ್ಲಕ್ಕೆ ಹಲವು ಕೋಡಾನ್‌ಗಳುಂಟೆಂದು ಹೇಳಿ ಮುಂದಕ್ಕೆ ಸಾಗುವ ಜಾಗದಲ್ಲಿಯೇ ಎಸ್‌ಎಂಎ ಮಗುವಿನ ಆ ಒಂದು ಅಕ್ಷರವನ್ನು ವಿವರಿಸಬೇಕು. ನಮ್ಮ ಮಕ್ಕಳಿಗೆ ಅದು ಅರ್ಥವಾಗದಷ್ಟು ಕಠಿನವೇನೂ ಅಲ್ಲ. ಸ್ನಾತಕೋತ್ತರ ತರಗತಿಗಳಲ್ಲಿ ಸುಯೆಒಕ ಮತ್ತು ಬಲ್ಮರರನ್ನು ಮೊದಲು ಕಲಿಸಿ, ಇಕೆಮುರರನ್ನು ಅವರ ಅನಂತರ ಕಲಿಸಬೇಕು. ವಂಶವಾಹಿಯನ್ನು ತಿದ್ದಿ ಬರೆಯುವವರು ತಾವು ಯಾವ ಪಟ್ಟಿಯನ್ನು ಬಳಸಿದೆವು, ಆ ಪಟ್ಟಿ ಇಡೀ ಜೀನೋಮಿನದೋ ಹೇರಳವಾಗಿ ದುಡಿಯುವ ವಂಶವಾಹಿಗಳದೋ, ಆರ್‌ಎನ್‌ಎಯ ಆರಂಭದ ಮಡಿಕೆಯನ್ನು ಪರೀಕ್ಷಿಸಿದೆವೋ ಇಲ್ಲವೋ ಎಂಬುದನ್ನು ಬಹಿರಂಗಪಡಿಸಬೇಕು. ಒಂದೇ ಬರಹವನ್ನು ನೆಚ್ಚದೆ, ಮೂಲದ ಬರಹವನ್ನೂ ಸೇರಿಸಿ ಹಲವನ್ನು ಹೋಲಿಸಿ ನೋಡಬೇಕು. ವಂಶವಾಹಿ ಪರೀಕ್ಷೆಯ ವರದಿ ಬರೆಯುವವರು, ರೋಗದ ಲಕ್ಷಣಗಳು ಸ್ಪಷ್ಟವಾಗಿದ್ದೂ ಕಾರಣ ಸಿಗದಿರುವಾಗ, ಅಮೈನೋ ಆಮ್ಲ ಬದಲಾಗಲಿಲ್ಲವೆಂಬ ಒಂದೇ ನೆಪದಿಂದ ಯಾವ ವ್ಯತ್ಯಾಸವನ್ನೂ ತಳ್ಳಿಹಾಕದೆ, ರೋಗಿಯ ಆರ್‌ಎನ್‌ಎಯನ್ನೇ ಓದಿ ನೋಡಬೇಕು. ಇನ್ನು ಪತ್ರಿಕೆಗಳ ಸಂಪಾದಕರಿಗೆ: ಯಾವುದೋ ಜೀವಿಯ ಕೋಡಾನ್ ರೂಢಿ ಆಯ್ಕೆಯ ಫಲವೆಂದು ಸಾರುವ ಪ್ರಬಂಧ ನಿಮ್ಮ ಮೇಜಿಗೆ ಬಂದಾಗ, ಅದೇ ಜೀನೋಮಿನ ತೆರಪುಗಳಲ್ಲಿಯೂ ಇಂಟ್ರಾನ್‌ಗಳಲ್ಲಿಯೂ ಅಕ್ಷರಗಳ ಪ್ರಮಾಣ ಎಷ್ಟೆಂದು ಕೇಳಿ, ಲೇಖಕರು ಅದನ್ನು ಎಣಿಸಿರದಿದ್ದರೆ, ಎಣಿಸಿ ತರುವವರೆಗೂ ಪ್ರಬಂಧವನ್ನು ಹಿಂದಕ್ಕೆ ಕಳುಹಿಸಿ.